ಹುಳದ ಮನೆಯ ಮೊಮ್ಮಗ

ಗುಡೇಮಾರನಹಳ್ಳಿ
5 ಮಾರ್ಚ್ 2025

ಅಕ್ಕೂರಿನ ಬೀಗಿತ್ತಿ ಶಿವನಂಜಮ್ಮನವರಿಗೆ ಬಸವಲಿಂಗಮ್ಮನ ಶರಣು.

ನಾವು ಇಲ್ಲಿ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ನಿಮಗೇನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಎಷ್ಟು ಸಲ ಫೋನು ಮಾಡಿದರೂ ‘ನೀವು ಕರೆ ಮಾಡಿದ ಚಂದಾದಾರರು’ ಅನ್ನುವ ಹುಡುಗಿಯೇ ಮಾತಾಡುತ್ತಾಳೆ. ನನ್ನ ನಂಬರನ್ನು ಬ್ಲಾಕ್ ಮಾಡಿಸಿದ್ದೀರಿ ಎಂದು ಮಗಳು ಶಾಂಭವಿ ಹೇಳಿದಳು. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ಶಿವರಾತ್ರಿಗೆ ಶಾಂಭವಿ ಮಗುವನ್ನು ಕರೆದುಕೊಂಡು ಬಂದಿದ್ದಳು. ಶಶಾಂಕನಿಗೆ ಇನ್ನೇನು ಮೂರು ತುಂಬುತ್ತದೆ. ಬಾಯಲ್ಲಿ ಒಂದು ಮಾತಿಲ್ಲ. ‘ಅವ್ವ’ ಇಲ್ಲ, ‘ತಾತ’ ಇಲ್ಲ, ‘ಬೇಡ’ ಎನ್ನುವುದಕ್ಕೂ ಕೈ ಒದರುತ್ತಾನೆ. ನಾನು ಮೊರದಲ್ಲಿ ರಾಗಿ ಹಸನು ಮಾಡುತ್ತಾ ಕಥೆ ಹೇಳಿದರೆ ನನ್ನ ತುಟಿಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ ತೊಡೆ ಹತ್ತಿ ನನ್ನ ಗಂಟಲ ಮೇಲೆ ಬೆರಳಿಟ್ಟ. ಮಾತಿಗಾಗಿ ಅಷ್ಟು ಹಸಿದ ಮಗುವನ್ನು ನನ್ನ ಅಂಗನವಾಡಿಯ ಅಷ್ಟೂ ವರ್ಷದಲ್ಲಿ ನಾನು ಕಂಡಿರಲಿಲ್ಲ.

ರಿಟೈರ್ ಆದ ಮೇಲೂ ನಾನು ಸುಮ್ಮನೆ ಕೂತಿಲ್ಲ ಎಂಬುದು ನಿಮಗೆ ತಿಳಿದಿದೆ. ರಾಮನಗರದ ಒಂದು ಸಂಸ್ಥೆಯವರು ನಮ್ಮೂರ ಅಂಗನವಾಡಿಯ ಜಗಲಿಯಲ್ಲಿ ‘ಅಜ್ಜಿಯರ ಕೂಟ’ ನಡೆಸುತ್ತಾರೆ, ಅದರ ಉಸ್ತುವಾರಿ ನನ್ನದು. ಗುರುವಾರ ಬಂತೆಂದರೆ ಅಜ್ಜಿಯರೆಲ್ಲ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಅನ್ನ ಹಾಕಿದರೆ ಮೈ ಬೆಳೆಯುತ್ತದೆ, ಮಾತು ಹಾಕಿದರೆ ಬುದ್ಧಿ ಬೆಳೆಯುತ್ತದೆ ಎಂದು ನಾವು ಹೇಳಿಕೊಡುವುದು. ಮುನಿಯಮ್ಮ ಎಂಬವಳು ಸೊಪ್ಪು ಬಿಡಿಸುವಾಗಲೂ ಮೊಮ್ಮಗಳ ಹತ್ತಿರ ‘ಇದು ದಂಟು ಕಣವ್ವ, ಇದು ಎಲೆ, ಹುಳ ತಿಂದೈತೆ ನೋಡು’ ಅನ್ನುತ್ತಲೇ ಇರುತ್ತಾಳೆ. ಆ ಕೂಸು ಈಗ ನನಗೇ ಎದುರುತ್ತರ ಕೊಡುತ್ತದೆ.

ನಿಮ್ಮ ಮನೆಯ ಸಂಗತಿಯನ್ನು ನಾನು ಬಿಡಿಸಿ ಬಿಡಿಸಿ ಕೇಳಿದ್ದಕ್ಕೆ ಶಾಂಭವಿ ಹೇಳಿದಳು, ಅವಳನ್ನು ಬೈಯಬೇಡಿ. ರೇಷ್ಮೆ ಹುಳು ಮನೆಗೆ ಬಂದರೆ ನಿಮ್ಮಲ್ಲಿ ಯಾರೂ ದನಿ ಎತ್ತುವಂತಿಲ್ಲವಂತೆ, ಟಿವಿ ಹಾಕುವಂತಿಲ್ಲವಂತೆ. ಮಗುವಿನ ಕೈಗೊಂದು ರೊಟ್ಟಿ ಚೂರು ಕೊಟ್ಟು ಹುಳದ ತಟ್ಟೆಗಳ ಪಕ್ಕ ಕೂರಿಸುತ್ತೀರಂತೆ. ಒಂದು ಬೆಳೆ ಮುಗಿಯುತ್ತಲೇ ಇನ್ನೊಂದು. ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿರುವ ಮನೆಯಲ್ಲಿ ಮಗು ಮಾತು ಕಲಿಯುವುದು ಯಾರಿಂದ, ಹುಳುವಿನಿಂದಲೇ?

ಮಗುವನ್ನು ಬೇಸಿಗೆ ಕಳೆಯುವವರೆಗೆ ನನ್ನ ಹತ್ತಿರ ಬಿಡಿ. ಮಾತಿನ ಮಲ್ಲನನ್ನಾಗಿ ಮಾಡಿ ವಾಪಸು ಕಳಿಸುತ್ತೇನೆ. ನಿಮ್ಮ ಹುಳು ನಿಮಗಿರಲಿ.

ಇತಿ,
ಬಸವಲಿಂಗಮ್ಮ


ಅಕ್ಕೂರು
14 ಮಾರ್ಚ್ 2025

ಗುಡೇಮಾರನಹಳ್ಳಿಯ ಟೀಚರಮ್ಮನವರಿಗೆ,

ಕಾಗದ ತಲುಪಿತು. ಇಷ್ಟುದ್ದ ಬರೆಯಲು ನಿಮಗೆ ಬಿಡುವಿದೆ ಎಂದು ತಿಳಿದು ಸಂತೋಷ. ನನಗಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು ನಿಮ್ಮ ವಂಶದಲ್ಲಿ ಮಾತ್ರ ಹುಟ್ಟಿದ್ದಾಳೆ ಎಂದು ನೀವು ತಿಳಿದಿರಬಾರದಲ್ಲ, ಅದಕ್ಕೆ ಉತ್ತರ.

ನನ್ನ ಮಗ ಉದಯಶಂಕರ ಬಾಯಿ ಬಿಟ್ಟದ್ದೇ ಮೂರು ದಾಟಿದ ಮೇಲೆ. ಇವತ್ತು ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಅವನು ಮಾತಿಗೆ ನಿಂತರೆ ರೇಷ್ಮೆ ಕೊಳ್ಳುವವರೇ ಸುಸ್ತಾಗುತ್ತಾರೆ. ಅಸದುಲ್ಲಾ ಸಾಬರು ನನ್ನ ಮುಂದೆಯೇ ‘ನಿಮ್ ಮಗನ ಬಾಯಿಗೆ ಒಂದ್ ಬೀಗ ಹಾಕ್ಸಮ್ಮ’ ಅಂದಿದ್ದಾರೆ. ಗಂಡು ಮಕ್ಕಳು ನಿಧಾನ. ಇದನ್ನು ತಿಳಿಯಲು ಟ್ರೇನಿಂಗ್ ಬೇಕಿಲ್ಲ.

ಇನ್ನು ನಮ್ಮ ಶಶಾಂಕನಂಥ ಮಗು ಈ ಊರಿನಲ್ಲೇ ಇನ್ನೊಂದಿಲ್ಲ. ಮೊನ್ನೆ ಹುಳು ಜ್ವರಕ್ಕೆ ಕೂತಿತ್ತು. ನಿಮ್ಮದು ರಾಗಿಯ ಊರು, ನಿಮಗೆ ತಿಳಿಯಲಿಕ್ಕಿಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಆಗ ಮನೆಯಲ್ಲಿ ಸದ್ದಾಗಬಾರದು ಎಂಬುದು ನಮ್ಮ ಅತ್ತೆಯವರ ಕಾಲದಿಂದ ಬಂದ ಪದ್ಧತಿ. ನಿಮ್ಮ ಮಗಳು ಅವತ್ತೇ ಕೈಜಾರಿಸಿ ತಗಡಿನ ಬಕೆಟ್ಟನ್ನು ಮಗುವಿನ ಬೆನ್ನ ಹಿಂದೆಯೇ ಕೆಡವಿದಳು. ನಾನು ಬೆಚ್ಚಿ ತಿರುಗಿದೆ. ನನ್ನ ಮೊಮ್ಮಗ ಮಿಸುಕಲಿಲ್ಲ. ಕೈಯಲ್ಲಿ ಸೊಪ್ಪಿನ ಎಲೆ ಹಿಡಿದು ಹುಳುವನ್ನೇ ನೋಡುತ್ತಾ ಕೂತಿದ್ದ. ‘ನೋಡಮ್ಮಿ, ಕೂಸಿಗಿರೋ ತಾಳ್ಮೆ ನಿನಗಿಲ್ಲ’ ಅಂದೆ ನಿಮ್ಮ ಮಗಳಿಗೆ. ಚನ್ನಪಟ್ಟಣದಿಂದ ಗಿಲಕಿ ತಂದುಕೊಟ್ಟರೆ ಬೇರೆ ಮಕ್ಕಳ ಹಾಗೆ ಗಲಗಲ ಆಡಿಸಿ ತಲೆ ತಿನ್ನುವುದಿಲ್ಲ, ಬಣ್ಣ ನೋಡಿಕೊಂಡು ಆಡುತ್ತಾನೆ. ಹುಳದ ಮನೆಗೆಂದೇ ಹುಟ್ಟಿದ ಮಗು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಿಮ್ಮ ಕೂಟದಲ್ಲಿ ಹೇಳಿಕೊಡುವುದಿಲ್ಲವೇನೋ.

ಹೇಳಬಾರದೆಂದಿದ್ದೆ, ನೀವೇ ಹೇಳಿಸುತ್ತಿದ್ದೀರಿ. ಊರ ಮಕ್ಕಳಿಗೆಲ್ಲ ಹಾಡು ಕಲಿಸಿ, ಮೀಟಿಂಗು ಮುಗಿಸಿ ನೀವು ಮನೆಗೆ ಬರುವ ಹೊತ್ತಿಗೆ ನಿಮ್ಮ ಮಗಳು ಪಕ್ಕದ ಮನೆಯ ಜಗಲಿಯ ಮೇಲೆ ಹಸಿದುಕೊಂಡೇ ನಿದ್ದೆ ಹೋಗಿರುತ್ತಿದ್ದಳಂತೆ. ಅವಳೇ ಒಮ್ಮೆ ಹೇಳಿದ್ದಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಅಂಥವರ ಹತ್ತಿರ ನನ್ನ ಮೊಮ್ಮಗನನ್ನು ಬಿಡುವುದಿಲ್ಲ.

ಇಂತು,
ಶಿವನಂಜಮ್ಮ


ಗುಡೇಮಾರನಹಳ್ಳಿ
22 ಮಾರ್ಚ್ 2025

ಶಿವನಂಜಮ್ಮನವರೇ,

ಜಗಲಿಯ ಮಾತೆತ್ತಿದ್ದೀರಿ. ಅದಕ್ಕೆ ಉತ್ತರ ಕೊಡಬೇಕಾದದ್ದು ನನ್ನ ಮಗಳಿಗೆ, ನಿಮಗಲ್ಲ. ಆ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ಗೆದ್ದೆನೆಂದು ಹಿಗ್ಗಬೇಡಿ, ಮಾರನೆಯ ದಿನ ಎರಡು ಮುದ್ದೆ ಉಂಡೆ.

ನಿಮ್ಮೂರಿನಲ್ಲೂ ನಮ್ಮ ಸಂಸ್ಥೆಯ ಕೆಲಸ ಶುರುವಾಗುತ್ತಿದೆ. ಕವನ ಎಂಬ ಹುಡುಗಿ ರಾಮನಗರದಿಂದ ಸ್ಕೂಟರಿನಲ್ಲಿ ಬಂದು ಚಿಕ್ಕ ಮಕ್ಕಳಿರುವ ಮನೆಗಳಿಗೆಲ್ಲ ಹೋಗುತ್ತಾಳೆ. ಮೊದಲು ನಿಮ್ಮ ಮನೆಗೇ ಹೋಗು ಎಂದು ಹೇಳಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯ ಮೇಲೆ ತೀರಿಸಬೇಡಿ. ಹೊರಗಿನವರ ಮುಂದೆಯಾದರೂ ದೊಡ್ಡ ಮನೆತನದವರ ಹಾಗೆ ನಡೆದುಕೊಳ್ಳಿ.

ಬಸವಲಿಂಗಮ್ಮ


ಅಕ್ಕೂರು
16 ಏಪ್ರಿಲ್ 2025

ಟೀಚರಮ್ಮನವರಿಗೆ,

ನೀವು ಛೂ ಬಿಟ್ಟ ಹುಡುಗಿ ಬಂದಿದ್ದಳು. ತಲೆತುಂಬ ಮಲ್ಲಿಗೆ, ಮೈಗೆಲ್ಲ ಸೆಂಟು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಹೊರಗಿನವರು ಒಳಗೆ ಕಾಲಿಡಬಾರದು ಎಂದು ಅಕ್ಕೂರಿನ ನಾಯಿಗೂ ಗೊತ್ತು. ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಿಟ್ಟಿದ್ದೆವು, ಬರುವವರು ಕಾಲು ಅದ್ದಿ ಬರಲಿ ಎಂದು. ಅದನ್ನು ದಾಟಿಕೊಂಡು ಸೀದಾ ಹುಳದ ಮನೆಗೇ ನುಗ್ಗಿದಳು. ಅದೂ ಯಾವತ್ತು? ಹುಳು ಕೊನೆಯ ಜ್ವರಕ್ಕೆ ಕೂತ ದಿನ.

ಬಂದವಳು ಮಗುವಿನ ಬೆನ್ನ ಹಿಂದೆ ನಿಂತು, ಹುಣಸೆ ಬೀಜ ತುಂಬಿದ ಡಬ್ಬಿಯೊಂದನ್ನು ಚೀಲದಿಂದ ತೆಗೆದು ಗಲಗಲನೆ ಆಡಿಸಿದಳು. ಆಮೇಲೆ ಚಪ್ಪಾಳೆ ತಟ್ಟಿದಳು. ಪುನಃ ಡಬ್ಬಿ. ನಮ್ಮ ಶಶಾಂಕ ಅವಳತ್ತ ತಿರುಗಿಯೂ ನೋಡಲಿಲ್ಲ. ಹುಳು ಜ್ವರದಲ್ಲಿರುವಾಗ ಹೇಗಿರಬೇಕು ಎಂದು ಮೂರು ತುಂಬದ ಮಗುವಿಗೆ ಗೊತ್ತು, ಡಿಗ್ರಿ ಮಾಡಿದವಳಿಗೆ ಗೊತ್ತಿಲ್ಲ. ‘ಈಚೆಗ್ ನಡಿಯಮ್ಮಿ, ಇದೇನ್ ನಿಮ್ಮಪ್ಪನ್ ಮನೆ ಅಂತ ಮಾಡ್ಕಂಡಿದ್ದೀಯಾ’ ಎಂದು ರಟ್ಟೆ ಹಿಡಿದು ಎಳೆದು ತಂದೆ. ಬಾಗಿಲಲ್ಲಿ ನಿಂತು ‘ಅಜ್ಜಿ, ಒಸಿ ನನ್ ಮಾತ್ ಕೇಳಿ, ಪಾಪೂಗೆ…’ ಎಂದು ರಾಗ ತೆಗೆದಳು. ಬಾಗಿಲು ಹಾಕಿದೆ.

ಅವಳು ಹೋದ ವಾರಕ್ಕೇ ಹುಳಕ್ಕೆ ಸಪ್ಪೆ ರೋಗ ಬಿತ್ತು. ಮೆತ್ತಗಾಗಿ, ಕಪ್ಪಾಗಿ, ನಾರುತ್ತಾ ಸತ್ತವು. ತಟ್ಟೆ ತಟ್ಟೆಯನ್ನೇ ಹೊತ್ತು ಗುಂಡಿಗೆ ಸುರಿದೆವು. ಹಡೆದ ಮಕ್ಕಳ ಹಾಗೆ ಸಾಕಿದ ಹುಳು. ನಿಮ್ಮ ಮಗಳು ಊಟ ಬಿಟ್ಟು ಅತ್ತಳು, ಯಾತಕ್ಕೆ ಅತ್ತಳೋ ಕೇಳಿದರೆ ಹೇಳಲಿಲ್ಲ. ನಿಮಗೆ ತಣ್ಣಗಾಯಿತೇ?

ಶಿವನಂಜಮ್ಮ


ಗುಡೇಮಾರನಹಳ್ಳಿ
9 ಮೇ 2025

ಶಿವನಂಜಮ್ಮನವರೇ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹುಳಕ್ಕೆ ರೋಗ ಬಂದರೆ ಮಲ್ಲಿಗೆ ಹೂವಿನ ತಪ್ಪು. ಮಗುವಿಗೆ ಮಾತು ಬಾರದಿದ್ದರೆ ಯಾರ ತಪ್ಪೂ ಅಲ್ಲ, ಅದು ಬಂಗಾರ!

ಕವನ ಅವತ್ತು ಅಳುತ್ತಾ ನನ್ನ ಹತ್ತಿರ ಬಂದಳು. ರಟ್ಟೆ ಕೆಂಪಗಾಗಿತ್ತು. ‘ಟೀಚರ್, ನಿಮ್ಮ ಮೊಮ್ಮಗನ ವಿಷಯ ಒಂದು ಹೇಳಬೇಕು’ ಎಂದು ಬಾಯಿ ತೆರೆದಳು. ‘ಬಿಡವ್ವ, ಆ ಮನೆ ಸಂಗ್ತಿ ನಿನಗಿಂತ ನನಗ್ ಚೆನ್ನಾಗ್ ಗೊತ್ತು, ನೀನೇನೂ ಹೇಳ್ಬೇಡ’ ಎಂದೆ. ಇನ್ನೂ ಏನೋ ಹೇಳಲು ಬಂದಳು. ನಿಮ್ಮ ಮನೆಯ ಹೊಲಸನ್ನು ಆ ಮಗುವಿನಂಥ ಹುಡುಗಿಯ ಬಾಯಲ್ಲಿ ಆಡಿಸಲು ನನಗೆ ಮನಸ್ಸಾಗಲಿಲ್ಲ, ಎದ್ದು ಒಳಗೆ ಹೋದೆ.

ಆದರೆ ಬಿಡಲಿಲ್ಲ. ಆ ಗುರುವಾರ ಕೂಟದಲ್ಲಿ ನಿಮ್ಮ ಮನೆಯದೇ ಪಾಠ. ‘ಹುಳು ಸಾಕಲಿಕ್ಕೆ ಮಗುವಿನ ಬಾಯಿ ಹೊಲಿದ ಅಜ್ಜಿಯ ಕಥೆ ಕೇಳ್ರವ್ವ’ ಎಂದು ಶುರು ಮಾಡಿದೆ. ಹೆಸರು ಹೇಳಲಿಲ್ಲ. ಅಕ್ಕೂರು ಎಂದೆ, ಹುಳದ ಮನೆ ಎಂದೆ, ಅಷ್ಟೇ. ಮಜೀದಾ ಕೆನ್ನೆ ಕೆನ್ನೆ ಬಡಿದುಕೊಂಡಳು. ಮುನಿಯಮ್ಮ ನಿಮಗೆ ಹಾಕಿದ ಶಾಪವನ್ನು ನಾನಿಲ್ಲಿ ಬರೆಯುವುದಿಲ್ಲ.

ಈಗಲೂ ಹೇಳುತ್ತೇನೆ, ಮಗುವನ್ನು ನನ್ನ ಹತ್ತಿರ ಕಳಿಸಿ. ಅವನ ಬಾಯಲ್ಲಿ ಮಾತು ತರಿಸದಿದ್ದರೆ ನಾನು ಬಸವಲಿಂಗಮ್ಮನೇ ಅಲ್ಲ.

ಬಸವಲಿಂಗಮ್ಮ


ಅಕ್ಕೂರು
2 ಜೂನ್ 2025

ನಿನ್ನೆ ಚನ್ನಪಟ್ಟಣದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ನಿಮ್ಮ ಕೂಟದ ಮಾರಮ್ಮನ ಮಗಳನ್ನು ನಮ್ಮೂರಿಗೇ ಕೊಟ್ಟಿದ್ದಾರೆ ಎಂಬುದು ಕಥೆ ಹೇಳುವಾಗ ನಿಮಗೆ ನೆನಪಿರಲಿಲ್ಲವೋ, ನೆನಪಿದ್ದೇ ಹೇಳಿದಿರೋ. ಊಟದ ಪಂಕ್ತಿಯಲ್ಲಿ ಕೂತಿದ್ದೇನೆ, ಎದುರು ಸಾಲಿನ ಹೆಂಗಸು ಪಕ್ಕದವಳಿಗೆ ‘ಮಗೂ ಬಾಯ್ ಹೊಲ್ದೋಳು ಇವ್ಳೇ ಕಣೆ’ ಅಂದಳು. ಎಲೆಯ ಮೇಲಿನ ಅನ್ನ ಬಿಟ್ಟು ಎದ್ದು ಬಂದೆ. ಮದುವೆಯಾಗಿ ಬಂದ ಮೇಲೆ ನಾನು ಹೀಗೆ ತಲೆ ತಗ್ಗಿಸಿದ್ದಿಲ್ಲ.

ಇನ್ನು ನಿಮ್ಮ ಮಗಳೂ ನನ್ನ ಮೊಮ್ಮಗನೂ ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಹಬ್ಬಕ್ಕಿಲ್ಲ, ಹರಿದಿನಕ್ಕಿಲ್ಲ. ನೀವು ಸತ್ತರೆ ಉದಯಶಂಕರ ಒಬ್ಬನೇ ಬರುತ್ತಾನೆ.

ಶಿವನಂಜಮ್ಮ


ಅಕ್ಕೂರು
18 ಜುಲೈ 2025

ಟೀಚರಮ್ಮನವರಿಗೆ,

ನನ್ನ ಸೊಸೆಯನ್ನೂ ಮೊಮ್ಮಗನನ್ನೂ ಕಳಿಸಿ. ‘ಅವ್ರಮ್ಮನ್ ಮನೇಗೋಗವ್ಳೆ ಕಣವ್ವ, ಆಷಾಢ ಕಳ್ದ್ ಬತ್ತಾಳೆ’ ಅನ್ನುತ್ತಾನೆ ನನ್ನ ಮಗ, ನನ್ನ ಮುಖ ನೋಡದೆ. ಮೂರು ವರ್ಷದ ಮಗುವಿನ ತಾಯಿಗೆ ಎಂಥ ಆಷಾಢ? ನಾನು ಬೇಡವೆಂದು ಬರೆದ ಮೇಲೂ ಕದ್ದು ಕರೆಸಿಕೊಂಡಿದ್ದೀರಿ. ನನ್ನ ಮಗನನ್ನೂ ನಿಮ್ಮ ಕಡೆ ಮಾಡಿಕೊಂಡಿದ್ದೀರಿ.

ಮನೆಯಲ್ಲಿ ಹುಳವಿಲ್ಲ, ಮಗುವಿಲ್ಲ. ಬೆಳಗಾದರೆ ಯಾರಿಗೆ ಏನು ಮಾಡಬೇಕು ಎಂದೇ ತಿಳಿಯುವುದಿಲ್ಲ. ಕಳಿಸಿ.

ಶಿವನಂಜಮ್ಮ


ಗುಡೇಮಾರನಹಳ್ಳಿ
24 ಜುಲೈ 2025

ಶಿವನಂಜಮ್ಮನವರೇ,

ಇದೆಂಥ ನಾಟಕ? ಅವರು ಇಲ್ಲಿಗೆ ಬಂದೇ ಇಲ್ಲ. ವಾರ ವಾರ ಫೋನಿನಲ್ಲಿ ‘ಅಕ್ಕೂರಲ್ಲೇ ಇದೀನಮ್ಮ, ಸೊಪ್ಪಿನ ಕೆಲಸ’ ಅನ್ನುತ್ತಾಳೆ. ನಿಮ್ಮ ಕಾಗದ ಬಂದ ಮೇಲೆ ಫೋನೂ ಎತ್ತುತ್ತಿಲ್ಲ. ಏನು ಮಾಡಿದಿರಿ ನನ್ನ ಮಗಳನ್ನು? ಏನಂದಿರಿ ಅವಳಿಗೆ? ಈ ಕಾಗದ ತಲುಪಿ ವಾರದೊಳಗೆ ಸುದ್ದಿ ಬರದಿದ್ದರೆ ಪೊಲೀಸರನ್ನು ಕರೆದುಕೊಂಡು ಬರುತ್ತೇನೆ. ಅಕ್ಷರ ಸೊಟ್ಟಗಾಗಿದೆ, ಓದಿಕೊಳ್ಳಿ.

ಬಸವಲಿಂಗಮ್ಮ


ಮೈಸೂರು
3 ಆಗಸ್ಟ್ 2025

ಅಮ್ಮನಿಗೆ ಮತ್ತು ಅತ್ತೆಗೆ,

ಒಂದೇ ಕಾಗದವನ್ನು ಎರಡು ಸಲ ಬರೆದು ಇಬ್ಬರಿಗೂ ಹಾಕಿದ್ದೇನೆ. ಅತ್ತೆಗೆ ಹೋದದ್ದರಲ್ಲಿ ಅತ್ತೆಯ ಹೆಸರು ಮೊದಲು, ಅಮ್ಮನಿಗೆ ಹೋದದ್ದರಲ್ಲಿ ಅಮ್ಮನ ಹೆಸರು ಮೊದಲು. ಉಳಿದದ್ದರಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಹೋಲಿಸಿ ನೋಡಬೇಕೆಂದರೆ ನೀವಿಬ್ಬರೂ ಒಂದೇ ಕಡೆ ಕೂರಬೇಕಾಗುತ್ತದೆ.

ಶಶಾಂಕನಿಗೆ ಕಿವಿ ಕೇಳುವುದಿಲ್ಲ. ಎರಡು ಕಿವಿಯೂ. ಹುಟ್ಟಿದಾಗಿನಿಂದ.

ಇದಕ್ಕೆ ಹುಳದ ಮನೆ ಕಾರಣವಲ್ಲ ಅಮ್ಮ. ನಾನು ಸೊಪ್ಪಿನ ತೋಟದಲ್ಲಿ, ಬಚ್ಚಲಲ್ಲಿ, ಹಾಸಿಗೆಯಲ್ಲಿ ಅವನ ಜೊತೆ ಬಾಯಿ ನೋಯುವಷ್ಟು ಮಾತಾಡಿದ್ದೇನೆ. ಅತ್ತೆ, ಅವನು ತಾಳ್ಮೆಯ ಮಗುವೂ ಅಲ್ಲ. ಸಿಟ್ಟು ಬಂದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ನೀವು ತೋಟಕ್ಕೆ ಹೋದಾಗ ಚಚ್ಚಿಕೊಂಡಿದ್ದಾನೆ, ಎಷ್ಟೋ ಸಲ.

ಅತ್ತೆ ಬಾಗಿಲು ಹಾಕಿದ ಮೇಲೆ ಕವನ ಹೋಗಿರಲಿಲ್ಲ. ನಾನು ಸೊಪ್ಪಿನ ಕುಕ್ಕೆ ಹೊತ್ತು ಬರುವಾಗ ತೋಟದ ಬದುವಿನ ಮೇಲೆ ಕಣ್ಣು ಒರೆಸಿಕೊಳ್ಳುತ್ತಾ ಕೂತಿದ್ದಳು. ‘ಅಕ್ಕಾ, ನಾನು ಡಾಕ್ಟ್ರಲ್ಲ. ಆದ್ರೂ ಪಾಪೂಗೆ ಒಂದ್ಸಲ ಕಿವಿ ತೋರ್ಸಿ. ತಡ ಮಾಡ್ಬೇಡಿ, ನಿಮ್ ದಮ್ಮಯ್ಯ’ ಅಂದಳು. ನನಗೆ ಆಶ್ಚರ್ಯವಾಗಲಿಲ್ಲ. ಹಿಂದಿನಿಂದ ಕರೆದರೆ ಒಂದು ದಿನವೂ ತಿರುಗಿದವನಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿರುವುದನ್ನು ಇನ್ನೊಬ್ಬರು ಬಾಯಿ ಬಿಟ್ಟು ಹೇಳಿದ್ದು ಅವತ್ತೇ ಮೊದಲು.

ಅವತ್ತೇ ನಿಮಗೆ ಹೇಳಬಹುದಿತ್ತು. ಅತ್ತೆಗೆ ಹೇಳಿದ್ದರೆ ‘ಇದು ನಿಮ್ಮ ಕಡೆಯಿಂದ ಬಂದ ಕಿವುಡು’ ಅನ್ನುತ್ತಿದ್ದರು. ಅಮ್ಮನಿಗೆ ಹೇಳಿದ್ದರೆ ಮುಂದಿನ ಗುರುವಾರ ಗುಡೇಮಾರನಹಳ್ಳಿಯ ಜಗಲಿಯಲ್ಲಿ ನನ್ನ ಮಗುವೇ ಪಾಠವಾಗುತ್ತಿತ್ತು. ಒಬ್ಬರಿಗೊಬ್ಬರು ಎಸೆಯಲು ನಿಮಗೆ ಇನ್ನೊಂದು ಕಲ್ಲನ್ನು ನನ್ನ ಕೈಯಾರೆ ಕೊಡಲಾರದೆ ಸುಮ್ಮನಿದ್ದೆ. ನಾನು ಸುಮ್ಮನಿದ್ದಂತೆ ಚೈತ್ರ ಹೋಯಿತು, ವೈಶಾಖ ಹೋಯಿತು. ಕೊನೆಗೆ ಒಂದು ದಿನ ಅವರಿಗೆ ಹೇಳಿದೆ. ನಿಮ್ಮ ಮಗ, ಅತ್ತೆ, ಮಾರ್ಕೆಟ್ಟಿನಲ್ಲಿ ಯಾರಿಗೂ ಬಗ್ಗದ ನಿಮ್ಮ ಮಗ, ಟ್ರ್ಯಾಕ್ಟರಿನ ಹಿಂದೆ ನಿಂತು ಮಗುವಿನ ಹಾಗೆ ಅತ್ತರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಅವ್ವಂಗೆ ಯಾರ್ ಹೇಳೋದು?’

ಇಬ್ಬರಿಗೂ ಸುಳ್ಳು ಹೇಳಿ ಇಲ್ಲಿಗೆ ಬಂದೆವು. ನಿದ್ದೆಯ ಔಷಧಿ ಕೊಟ್ಟು, ಮಲಗಿದ ಮಗುವಿನ ತಲೆಗೆ ವೈರು ಅಂಟಿಸಿ ನೋಡಿದರು. ಡಾಕ್ಟರಮ್ಮ ಒಳ್ಳೆಯವರು. ‘ಇನ್ನೂ ಮುಂಚೆ ಬರಬೇಕಿತ್ತು ಕಣಮ್ಮ. ಮಾತು ಕಲಿಯೋ ವಯಸ್ಸು ಕಾಯೋದಿಲ್ಲ. ಯಾಕಿಷ್ಟು ತಡ ಮಾಡಿದ್ರಿ?’ ಎಂದರು. ಏನು ಹೇಳಲಿ? ನಮ್ಮಮ್ಮನೂ ನಮ್ಮತ್ತೆಯೂ ಕಾಗದ ಬರೆದುಕೊಳ್ಳುತ್ತಿದ್ದರು ಎನ್ನಲೇ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ನೀವಿಬ್ಬರೂ ಕೇಳಿರುತ್ತೀರಿ. ನಾವು ಗಂಡ ಹೆಂಡಿರು ಜಗಳವನ್ನೇ ಆಡಿಲ್ಲ.

ಆಸ್ಪತ್ರೆಯ ಹತ್ತಿರವೇ ಒಂದು ರೂಮಿನಲ್ಲಿದ್ದೇನೆ. ನನ್ನಂಥ ತಾಯಂದಿರನ್ನು ಕೂರಿಸಿಕೊಂಡು ದಿನಾ ಹೇಳಿಕೊಡುತ್ತಾರೆ. ಮೊದಲು ಕಿವಿಗೆ ಕೇಳುವ ಮೆಷಿನ್ನು ಹಾಕುತ್ತಾರೆ, ಅದರಲ್ಲಿ ಎಷ್ಟು ಕೇಳಿಸುತ್ತದೆ ನೋಡಿ ಆಮೇಲೆ ಆಪರೇಷನ್ನು. ಹಾಕಿದ ಕೂಡಲೇ ಮಾತು ಬರುವುದಿಲ್ಲವಂತೆ. ಯಾವ ಸದ್ದು ಯಾವುದೆಂದು ಒಂದೊಂದಾಗಿ ತೋರಿಸಬೇಕಂತೆ. ಅವನ ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು, ಒಬ್ಬರು ಆಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಕೂಗಿದರೆ ಅವನ ಕಿವಿಗೆ ಬರೀ ಗದ್ದಲವಂತೆ. ಅದನ್ನು ಕಲಿಯಲಾಗದವರಿಂದ ಮಗುವನ್ನು ದೂರ ಇಡಿ ಎಂದಿದ್ದಾರೆ. ಇಡುತ್ತೇನೆ. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ, ಅದು ಇವತ್ತು ನಾಳೆ ಇಳಿಯುವ ಸಿಟ್ಟಲ್ಲ.

ಬರುವ ಸೋಮವಾರ, ಹನ್ನೊಂದನೇ ತಾರೀಖು, ಮೆಷಿನ್ನು ಹಾಕುತ್ತಾರೆ. ಈ ಕಾಗದ ಓದಿದ ಕೂಡಲೇ ಒಬ್ಬರು ಚನ್ನಪಟ್ಟಣದಲ್ಲಿ, ಇನ್ನೊಬ್ಬರು ರಾಮನಗರದಲ್ಲಿ ಬಸ್ಸು ಹತ್ತುತ್ತೀರಿ ಎಂದು ನನಗೆ ಗೊತ್ತು. ಬರಬೇಡಿ. ಆಸ್ಪತ್ರೆಯ ಬಾಗಿಲಲ್ಲೇ ನೀವು ಶುರು ಮಾಡುತ್ತೀರಿ. ನನ್ನ ಮಗು ಹುಟ್ಟಿ ಮೊದಲು ಕೇಳುವುದು ಅದಾಗಬಾರದು. ಮೂರು ವರ್ಷದಿಂದ ಶಶಾಂಕಾ, ಶಶಾಂಕಾ ಎಂದು ಕರೆದಿದ್ದೇನೆ. ತನಗೊಂದು ಹೆಸರಿದೆ ಎಂಬುದೇ ಅವನಿಗೆ ಇನ್ನೂ ಗೊತ್ತಿಲ್ಲ. ಸೋಮವಾರ ಅದನ್ನು ಅವನಿಗೆ ನಾನು ಹೇಳಬೇಕು, ನೀವಿಬ್ಬರೂ ಸುಮ್ಮನಿರಿ.

ಶಾಂಭವಿ